ಎದುರುಬದುರು ಎರಡು ಮುಖ

"ಡಾಕ್ಟ್ರೆ, ಎಡಗೈ ಹಿಂದೆ ತಗೊಳ್ಳಿ."

ಮಾತು ಮುಗಿಯುವ ಮೊದಲೇ ಅವನು ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದಿದ್ದ. ಜಾರಿದ ಉಳಿ, ಅವಳ ಬೆರಳಿದ್ದ ಜಾಗವನ್ನೇ ಗೀರಿಕೊಂಡು ಹೋಯಿತು.

ಅವಳು ಹಲ್ಲಿನ ಡಾಕ್ಟರ್. ಬಾಯೊಳಗೆ ಡ್ರಿಲ್ ಹಿಡಿದರೂ ನಡುಗದ ಕೈ ಅವಳದು. ರಬ್ಬರಿನಂಥ ಈ ಲಿನೋ ತುಂಡು ಕೆತ್ತುವುದು ಯಾವ ಲೆಕ್ಕ ಎಂದುಕೊಂಡೇ ಅವನ ಅಚ್ಚುಚಿತ್ರದ ಕ್ಲಾಸಿಗೆ ಸೇರಿದ್ದಳು.

"ಇನ್ನೂ ಕೈ ಹಿಡ್ಕೊಂಡೇ ಇದ್ದೀರಿ, ಮೇಷ್ಟ್ರೆ."

ಅವನು ತಟ್ಟನೆ ಬಿಟ್ಟ. ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು... ನೋಡಿ ಇಷ್ಟಪಟ್ಟಳು.

"ಇನ್ನೊಂದು ಮಾತು," ಅವನು ಗಂಟಲು ಸರಿಮಾಡಿಕೊಂಡ. "ಮಸಿ ಹಚ್ಚಿ ಕಾಗದದ ಮೇಲೆ ಮಗುಚಿ ಒತ್ತಿದಾಗ ಎಲ್ಲಾ ತಿರುಗಾಮುರುಗಾ ಬೀಳುತ್ತೆ. ಎಡಕ್ಕೆ ನೋಡೋ ಹಕ್ಕಿ ಬಲಕ್ಕೆ ನೋಡುತ್ತೆ."

"ದಿನವಿಡೀ ಕನ್ನಡಿ ಹಿಡಿದು ಹಲ್ಲು ನೋಡೋಳಿಗೆ ಆ ಪಾಠ ಬೇಕಾ? ನನಗೆ ಒಂದು ಸಲ ಹೇಳಿದ್ರೆ ಸಾಕು."

ಜಂಬ ಸ್ವಲ್ಪ ಜಾಸ್ತಿಯೇ. ಆದರೆ ಹೇಳಿದಂತೆ ನಡೆದುಕೊಂಡಳು ಕೂಡ. ಅವಳ ಎಲೆ, ಹಕ್ಕಿ, ಬೆಕ್ಕು ಎಲ್ಲವೂ ಅಚ್ಚಿನಲ್ಲಿ ತಿರುಗಬೇಕಾದ ಕಡೆಗೇ ತಿರುಗಿದವು.

ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಅವಳ ಅಕ್ಕ ಬಿಡಬೇಕಲ್ಲ!

"ಉಗುರಿಗೆಲ್ಲ ಮಸಿ ಮೆತ್ಕೊಂಡು ಒಬ್ಬಳೇ ನಗ್ತಿರ್ತೀಯಲ್ಲೇ. ಮೇಷ್ಟ್ರು ಹೇಗೆ?"

"ಚೆನ್ನಾಗಿ ಕಲಿಸ್ತಾರೆ."

"ನಾನು ಕೇಳಿದ್ದು ಅದಲ್ಲ ಕಣೇ."

ಒಂದು ದಿನ ಕ್ಲಾಸು ಮುಗಿದ ಮೇಲೆ ಅವನು ಮಸಿ ಹಚ್ಚುವ ರೋಲರ್ ಒರೆಸುತ್ತಾ ಹೇಳಿದ. "ಬೇರೆ ಊರಿನ ಚಿತ್ರಕಲಾ ಶಾಲೆಯವರು ಕರೆದಿದ್ದಾರೆ. ಸೋಮವಾರ ಉತ್ತರ ಕೊಡಬೇಕು. ಇಲ್ಲೇ ಇರೋಕೆ ಒಂದು ಕಾರಣ ಇದ್ದಿದ್ರೆ..."

ಅವನು ಮತ್ತೆ ರೋಲರ್ ಒರೆಸತೊಡಗಿದ. ಅವಳು ತನ್ನ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡಳು.

*ಕಾರಣ ತಾನೇ? ನಾನೇ ಕೆತ್ತಿ ಕೊಡ್ತೀನಿ.*

ಮನೆಯ ಊಟದ ಮೇಜಿನ ಮೇಲೆ ಎರಡು ಲಿನೋ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಕೆತ್ತಿದಳು. ಎಡಗಡೆಯದರಲ್ಲಿ ತನ್ನ ಮುಖ, ಬಲಗಡೆಯದರಲ್ಲಿ ಅವನ ಮುಖ. ಇನ್ನೇನು ಮೂಗಿಗೆ ಮೂಗು ತಾಗಬೇಕು, ಅಷ್ಟು ಎದುರುಬದುರು. ತುಂಡುಗಳ ಬೆನ್ನಿಗೆ ಚೀಟಿ ಅಂಟಿಸಿದಳು, ಯಾವುದು ಕಾಗದದ ಎಡಕ್ಕೆ, ಯಾವುದು ಬಲಕ್ಕೆ ಎಂದು. ಶನಿವಾರ ಬೆಳಿಗ್ಗೆ ಅವನ ಕೈಗಿಟ್ಟಳು.

"ನೀವೇ ಅಚ್ಚು ಒತ್ತಿ ನೋಡಿ. ನನ್ನ ಮನಸ್ಸಲ್ಲಿರೋದು ಅದರಲ್ಲಿದೆ."

ಹಲ್ಲುನೋವಿನವರು ಕಾಯುತ್ತಿದ್ದರು, ಓಡಿದಳು. ದಿನವೆಲ್ಲ ಫೋನ್ ನೋಡಿದ್ದೇ ನೋಡಿದ್ದು. ಅವನು ಕರೆ ಮಾಡಲಿಲ್ಲ.

ಭಾನುವಾರ ತಾನೇ ಹೋದಳು. ಅವನು ರೋಲರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಹೊರಟ್ರಾ?"

"ನೋಡಿದೆ, ಡಾಕ್ಟ್ರೆ. ಬೇಡ ಅನ್ನೋದನ್ನ ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ."

ಒಣಗಲು ತೂಗುಹಾಕಿದ್ದ ಕಾಗದದ ಕಡೆ ಅವನು ಕೈ ತೋರಿಸಿದ. ಅವಳು ತಿರುಗಿ ನೋಡಿದಳು. ಎಡಕ್ಕೆ ಅವಳು, ಬಲಕ್ಕೆ ಅವನು... ಒಬ್ಬರಿಗೊಬ್ಬರು ಬೆನ್ನು ಹಾಕಿ ಕಾಗದದ ಆಚೆ ಎಲ್ಲೋ ನೋಡುತ್ತಿದ್ದರು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೇ ಮುಖ ಬಿಸಿಯಾಯಿತು.

"ಇದು... ತಪ್ಪಾಗಿದೆ, ಮೇಷ್ಟ್ರೆ."

"ತಪ್ಪಾ? ನಿಮ್ಮಿಂದ?" ಅವನು ನಂಬಲಿಲ್ಲ. "ಬೆಕ್ಕಿನ ಬಾಲ ಕೂಡ ಸರಿಯಾಗಿ ತಿರುಗಿಸಿದೋರು ನೀವು. ಬೇಕಂತಲೇ ಮಾಡಿದ್ದೀರಿ."

ತಪ್ಪು ಒಪ್ಪಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ. ಆದರೆ ಇವತ್ತು ಜಂಬ ಉಳಿಸಿಕೊಂಡರೆ ಇವನನ್ನು ಕಳೆದುಕೊಳ್ಳಬೇಕು. ಅವಳು ನೇರವಾಗಿ ಅವನ ಕಣ್ಣು ನೋಡಿದಳು.

"ಬೆಕ್ಕು ಕೆತ್ತೋವಾಗ ಕನ್ನಡಿ ನೆನಪಿತ್ತು. ನಿಮ್ಮ ಮುಖ ಕೆತ್ತೋವಾಗ ನೀವೊಬ್ರೇ ನೆನಪಿದ್ರಿ."

ಅವನ ಕೈಯಲ್ಲಿದ್ದ ರೋಲರ್ ಅಲ್ಲೇ ನಿಂತಿತು.

ಅವಳು ಉತ್ತರಕ್ಕೆ ಕಾಯಲಿಲ್ಲ. ಅವನ ಕೈಯಿಂದಲೇ ರೋಲರ್ ತೆಗೆದುಕೊಂಡು ಎರಡೂ ತುಂಡಿಗೆ ಮಸಿ ಹಚ್ಚಿದಳು. ಬೆನ್ನಿನ ಚೀಟಿಗಳನ್ನು ಕಿತ್ತೆಸೆದಳು. ಬಲಕ್ಕಿದ್ದವನನ್ನು ಎಡಕ್ಕೆ ಒತ್ತಿದಳು, ಎಡಕ್ಕಿದ್ದ ತನ್ನನ್ನು ಬಲಕ್ಕೆ.

"ಹೊಸದಾಗಿ ಕೆತ್ತೋದೇನೂ ಬೇಕಿಲ್ಲ," ಎಂದು ತುಂಡುಗಳನ್ನು ಎತ್ತಿದಳು. "ಜಾಗ ಬದಲಾಯಿಸಿದ್ರೆ ಸಾಕು."

ಕಾಗದದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ.

ಅವನು ಬಗ್ಗಿ ಅದನ್ನು ನೋಡಿದ. ಆಮೇಲೆ ಪೆಟ್ಟಿಗೆಯಿಂದ ರೋಲರುಗಳನ್ನು ತೆಗೆದು ಒಂದೊಂದಾಗಿ ಗೋಡೆಯ ಮೊಳೆಗೆ ತೂಗುಹಾಕಿದ.

"ಸೋಮವಾರ ಅವರಿಗೆ ಏನು ಹೇಳ್ತೀರಿ?" ಅವಳು ಕೇಳಿದಳು.

"ಕಾರಣ ಸಿಕ್ತು ಅಂತ."

ಅವನು ಮೇಜು ಸುತ್ತಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತ. ಮಸಿ ಮೆತ್ತಿದ ಅವಳ ಕೈ ಹಿಡಿದುಕೊಂಡ. ಈ ಸಲ ಬಿಡಲಿಲ್ಲ.

"ಒಂದು ಕೇಳ್ಲಾ, ಡಾಕ್ಟ್ರೆ? ನನ್ನ ಮೂಗು ಇಷ್ಟು ದೊಡ್ಡದಾ?"

"ಅದು ತಪ್ಪಲ್ಲ, ಮೇಷ್ಟ್ರೆ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಅದನ್ನ ನೋಡಿ ನೋಡಿಯೇ ಕೆತ್ತಿದ್ದು."