ಮುರಿದ ಮುಖದ ಮೇಲಿನ ಗೀರು

ಮೇಜಿನ ಮೇಲೆ ಹಾಸಿದ್ದ ಬಟ್ಟೆಯಲ್ಲಿ ರೇಸ್ ಕಾರಿನ ಎಂಜಿನ್ನಿಂದ ತೆಗೆದ ವಾಲ್ವ್ ಸ್ಪ್ರಿಂಗಿನ ಎರಡು ತುಂಡುಗಳಿದ್ದವು. ಮುರಿದ ತುದಿಯಲ್ಲಿ ಅರದಿಂದ ಉಜ್ಜಿದ ಗೀರೊಂದು ಹೊಳೆಯುತ್ತಿತ್ತು.

"ಇದು ತಾನಾಗಿ ಮುರಿದದ್ದಲ್ಲ," ಎಂದ ಅಣ್ಣ. "ಯಾರೋ ಬೇಕಂತಲೇ ಮಾಡಿದ್ದು."

ಹಿಂದಿನ ದಿನ ಅಭ್ಯಾಸದ ಓಟದಲ್ಲಿ ಕಾರು ಓಡಿಸುತ್ತಿದ್ದವಳು ತಂಗಿ. ತಿರುವಿನಲ್ಲಿ ಸ್ಪ್ರಿಂಗ್ ತುಂಡಾಗಿ, ವಾಲ್ವ್ ಕಳಚಿ ಪಿಸ್ಟನ್ನಿಗೆ ಬಡಿದು, ಎಂಜಿನ್ ಬಿಗಿದುಕೊಂಡು, ಕಾರು ಗೋಡೆಗೆ ಅಪ್ಪಳಿಸಿತ್ತು. ಜೀವ ಉಳಿದದ್ದೇ ದೊಡ್ಡದು. ಈಗ ಮುರಿದ ತೋಳನ್ನು ಕೊರಳಿಗೆ ತೂಗುಹಾಕಿಕೊಂಡು ನಿಂತಿದ್ದಳು.

ವರ್ಕ್‌ಶಾಪ್ ಮನೆಮಂದಿಯದೇ. ಯಾವ ಭಾಗ ಹಾಕಬೇಕೆಂದು ಆರಿಸುವವನು ಅಣ್ಣ, ಜೋಡಿಸುವವನು ತಂಗಿಯ ಗಂಡ, ಅಣ್ಣನಿಗೆ ಭಾವ. ಆ ಭಾವ ಎದುರಾಳಿ ತಂಡ ಸೇರಲು ಒಪ್ಪಿಕೊಂಡಿದ್ದ ಸುದ್ದಿ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಎಲ್ಲರ ಕಣ್ಣೂ ಅವನತ್ತ ಹೊರಳಿದವು.

"ರೀ, ಜೋಡಿಸಿದ್ದು ನೀವೇ ತಾನೆ?" ಎಂದಳು ತಂಗಿ.

"ನಾನೇ. ಆಗ ಗೀರು ಇರ್ಲಿಲ್ಲ."

"ಮತ್ತೆ ಎಲ್ಲಿಂದ ಬಂತು?"

"ಗೊತ್ತಿಲ್ಲ ಕಣೆ."

"ಬಿಟ್ಟು ಹೋಗೋರು ಸುಮ್ನೆ ಹೋಗ್ಬಹುದಿತ್ತು. ನನ್ನ ಸಾಯಿಸಿ ಹೋಗ್ಬೇಕಿತ್ತಾ?"

ಕೆಲಸಗಾರರೆಲ್ಲ ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ಹೊರಗೆ ನಡೆದ. ಅಣ್ಣ ಕೈ ಒರೆಸಿಕೊಳ್ಳುತ್ತಲೇ ಇದ್ದ.

ರೇಸ್ ಕ್ಲಬ್ ತನಿಖೆಗೆ ಕಳಿಸಿದಾಕೆಯನ್ನು ಮೆಕ್ಯಾನಿಕ್‌ಗಳು 'ಭೂತಗನ್ನಡಿ' ಎನ್ನುತ್ತಿದ್ದರು. ಹಿಂದಿನಿಂದ ಮಾತ್ರ, ಎದುರಿಗೆ ಮೇಡಂ. ಸ್ಪ್ರಿಂಗ್ ಮಾರಿದ ಅಂಗಡಿಯವನನ್ನು ಆಕೆ ಮೊದಲು ವಿಚಾರಿಸಿದಳು. ಸೀಲ್ ಒಡೆಯದ ಡಬ್ಬಿಯನ್ನೇ ಕೊಟ್ಟೆ ಎಂದ. ಡಬ್ಬಿಯ ಸೀಲ್ ಒಡೆದದ್ದು ತಾನೇ ಎಂದು ಭಾವ ಒಪ್ಪಿಕೊಂಡ. ಅನುಮಾನ ಇನ್ನಷ್ಟು ಬಲವಾಯಿತು.

ಆಮೇಲೆ ಆಕೆ ವರ್ಕ್‌ಶಾಪಿಗೆ ಬಂದಳು. ಮುರಿಯದೆ ಉಳಿದ ಸ್ಪ್ರಿಂಗುಗಳನ್ನೂ ಬಿಚ್ಚಿಸಿ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು.

"ಇವನ್ನ ಆರಿಸಿದ್ದು ಯಾರು?"

"ನಾನೇ," ಎಂದ ಅಣ್ಣ.

"ಯಾಕೆ ಇವೇ?"

"ಗಡುಸಾಗಿವೆ. ಎಂಜಿನ್ ಜೋರಾಗಿ ತಿರುಗುವಾಗ ಸ್ಪ್ರಿಂಗ್ ಮೆತ್ತಗಿದ್ರೆ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚಲ್ಲ."

"ಸರಿ. ಆದ್ರೆ ಹೊಸ ಕ್ಯಾಮ್ ಹಾಕಿದ್ದೀರಿ. ಅದು ವಾಲ್ವನ್ನ ಮೊದಲಿಗಿಂತ ಹೆಚ್ಚು ಕೆಳಗೆ ಒತ್ತುತ್ತೆ. ಅಷ್ಟು ಕುಗ್ಗೋಕೆ ಈ ಸ್ಪ್ರಿಂಗಿನ ಸುತ್ತುಗಳ ನಡುವೆ ಜಾಗ ಉಳಿಯುತ್ತಾ— ಅಳೆದ್ರಾ?"

ಅಣ್ಣ ಮತ್ತೆ ಕೈ ಒರೆಸತೊಡಗಿದ.

"ಅಪಘಾತದ ಮೇಲೆ ನೀವು ಎಂಜಿನ್ ಬಿಚ್ಚಿದಾಗ ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಎಲ್ಲರೂ ಆಸ್ಪತ್ರೆಗೆ ಹೋಗಿದ್ರು."

ಆಕೆ ತಂಗಿಯನ್ನೂ ಭಾವನನ್ನೂ ಒಳಗೆ ಕರೆಸಿದಳು. ಭಾವ ಬಾಗಿಲ ಬಳಿಯೇ ನಿಂತ.

"ಎಲ್ಲರೂ ಗೀರನ್ನ ನೋಡಿದ್ರಿ. ಅದು ಎಲ್ಲಿಗೆ ಮುಗಿಯುತ್ತೆ ಅಂತ ನೋಡ್ಲಿಲ್ಲ," ಎಂದು ಆಕೆ ಸ್ಪ್ರಿಂಗಿನ ತುಂಡನ್ನು ತಂಗಿಯ ಕೈಗಿಟ್ಟಳು. "ಮುರಿದ ಮುಖ ನೋಡಿ. ಏನು ಕಾಣುತ್ತೆ?"

"ಅರದ ಗೆರೆ... ಮುರಿದ ಕಡೆಗೂ ಇಳಿದಿದೆ."

"ಮುರಿಯೋ ಮುಂಚೆ ಆ ಮುಖ ಲೋಹದ ಒಳಗಿತ್ತು. ಅಲ್ಲಿಗೆ ಅರ ತಾಕೋದು ಹೇಗೆ? ಗೀರು ಬಿದ್ದದ್ದು ಮುರಿದ ಮೇಲೆ. ಇನ್ನು, ಉಳಿದ ಸ್ಪ್ರಿಂಗುಗಳ ಸುತ್ತುಗಳೂ ಒಂದಕ್ಕೊಂದು ಬಡಿದು ಹೊಳೆಯೋ ಹಾಗೆ ಸವೆದಿವೆ. ಕುಗ್ಗೋಕೆ ಜಾಗವೇ ಇರ್ಲಿಲ್ಲ. ಇದು ಮುರೀದಿದ್ರೆ ಇನ್ನೊಂದು ಮುರೀತಿತ್ತು. ಸ್ಪ್ರಿಂಗ್ ಆರಿಸಿದ್ದೇ ತಪ್ಪು— ಅದು ಅಪರಾಧ ಅಲ್ಲ. ಅಪರಾಧ ಆದದ್ದು ಆಮೇಲೆ, ಒಬ್ಬರೇ ಎಂಜಿನ್ ಬಿಚ್ಚಿ ಅರ ಕೈಗೆ ತಗೊಂಡಾಗ." ಆಕೆ ಅಣ್ಣನತ್ತ ತಿರುಗಿದಳು. "ಅಲ್ವಾ?"

ಅಣ್ಣ ಸ್ಟೂಲಿನ ಮೇಲೆ ಕುಸಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬಿಚ್ಚಿ ನೋಡಿದ ಕೂಡ್ಲೇ ಗೊತ್ತಾಯ್ತು," ಎಂದ. "ಇವಳ ತೋಳು ಮುರಿದದ್ದು ನನ್ನಿಂದ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಯಾರೋ ಹೊರಗಿನವರು ಮಾಡಿದ್ದು ಅಂದ್ಕೊಳ್ಳಲಿ ಅಂತಿದ್ದೆ. ಭಾವನ ಹೆಸರು ನಾನು ಎತ್ತಲಿಲ್ಲ."

"ಬೇರೆಯವರು ಎತ್ತಿದಾಗ ತಡೆಯಲೂ ಇಲ್ಲ," ಎಂದಳು ಭೂತಗನ್ನಡಿ.

ಹೆಸರು ಎತ್ತಿದವಳು ತಾನೇ ಎಂಬುದು ತಂಗಿಗೆ ಯಾರೂ ನೆನಪಿಸಬೇಕಿರಲಿಲ್ಲ. ಕಿವಿಯವರೆಗೂ ಮುಖ ಕೆಂಪೇರಿತು. ಅಣ್ಣನನ್ನು ಬೈಯುವ ಯೋಗ್ಯತೆ ತನಗೆಲ್ಲಿ ಉಳಿದಿದೆ? ಬಾಗಿಲತ್ತ ನೋಡಿದಳು. ಗಂಡ ಆಗಲೇ ಹೊರಟಿದ್ದ.

ಬೀದಿಯ ತಿರುವಿನಲ್ಲಿ ಅವನನ್ನು ಹಿಡಿದಳು. ಏದುಸಿರು ಬರುತ್ತಿತ್ತು.

"ರೀ, ನಿಲ್ಲಿ. ನಾನು ಅವತ್ತು ನಿಮ್ಮ ಮಾತು ಕೇಳಿಸ್ಕೊಳ್ಳಲೇ ಇಲ್ಲ."

ಅವನು ನಿಂತ. ದನಿ ಏರಿಸಲಿಲ್ಲ.

"ನೀನು ಕೇಳಿಸ್ಕೊಂಡೆ. ನಂಬ್ಲಿಲ್ಲ, ಅಷ್ಟೆ."

ಅವಳು ಅಲ್ಲೇ ನೆಲ ನೋಡುತ್ತಾ ನಿಂತಳು. ಅವನು ಹೊರಟುಹೋಗಲಿಲ್ಲ, ಹತ್ತಿರವೂ ಬರಲಿಲ್ಲ.