ಕಾಲುಚೀಲದ ಹಾಡು

"ನಿಲ್ಲಿಸ್ಬೇಡಿ! ದಯವಿಟ್ಟು ನಿಲ್ಲಿಸ್ಬೇಡಿ!"

ಬಾಗಿಲಲ್ಲಿ ಯಾರೋ ಕೂಗಿದ ರಭಸಕ್ಕೆ ಹೆಸ್ಟರ್‌ಳ ಕೈಯ ಸೂಜಿ ನೇರವಾಗಿ ಹೆಬ್ಬೆರಳಿಗೆ ಚುಚ್ಚಿತು. ಅವಳು ಹಾಡಿಕೊಳ್ಳುತ್ತಿದ್ದ ಹಾಡು ಅಲ್ಲಿಗೇ ನಿಂತಿತು.

ನೋಡಿದರೆ, ಒಂದು ಕಾಲಿಗೆ ಕಾಲುಚೀಲ, ಬೂಟು ಎರಡೂ ಹಾಕಿಕೊಂಡು, ಇನ್ನೊಂದು ಕಾಲನ್ನು ಮೊಣಕಾಲಿನವರೆಗೂ ಬರಿದು ಬಿಟ್ಟುಕೊಂಡು ಒಬ್ಬ ಗಂಡಸು ನಿಂತಿದ್ದ! ಕಂಕುಳಲ್ಲಿ ಪಿಟೀಲು. ಕೈಯಲ್ಲಿ ಹರಿದ ಕಾಲುಚೀಲ.

"ಏನ್ರೀ ಇದು? ಹೆಣ್ಮಕ್ಕಳು ಕೂತಿರೋ ಕಡೆ ಹೀಗಾ ಬರೋದು?" ಹೆಸ್ಟರ್ ಬೆರಳು ಬಾಯಿಗಿಟ್ಟುಕೊಂಡು ರೇಗಿದಳು.

ಅವನಿಗೆ ಆಗ ತನ್ನ ಬರಿಗಾಲಿನ ನೆನಪಾಯಿತು. ಮುಖ ಕೆಂಪಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

"ಅದು... ಚೀಲ ಹರೀತು. ಹೊಲಿಸ್ಕೊಂಡು ಹೋಗೋಣ ಅಂತ ಬಂದೆ. ಆದ್ರೆ ಆ ಹಾಡು... ಇನ್ನೊಂದ್ಸಲ ಹಾಡ್ತೀರಾ?"

ಸಾವಿರದ ಏಳುನೂರ ಮೂವತ್ತೊಂದರ ಚಳಿಗಾಲ ಅದು. ಹೆಸ್ಟರ್ ಆಲ್ಡರ್ಸನ್ ಲಂಡನ್ನಿಗೆ ಬಂದು ಆರು ತಿಂಗಳಾಗಿತ್ತು. ಥೇಮ್ಸ್ ದಂಡೆಯ ಹತ್ತಿರದ ಒಂದು ನಾಟಕಶಾಲೆಯ ಉಡುಪಿನ ಕೋಣೆಯಲ್ಲಿ ಕಾಲುಚೀಲ ರಿಪೇರಿ ಮಾಡುವುದು ಅವಳ ಕೆಲಸ. ರಾಜನ ಪಾತ್ರದವನಿರಲಿ, ಕಳ್ಳನ ಪಾತ್ರದವನಿರಲಿ, ಹಿಮ್ಮಡಿ ಸವೆದ ಮೇಲೆ ಅವಳ ಮುಂದೆ ಬಂದು ನಿಲ್ಲಲೇಬೇಕಿತ್ತು. ಉತ್ತರದ ಬೆಟ್ಟದ ಕಣಿವೆಯಿಂದ ಬಂದವಳು ಅವಳು. ಅಲ್ಲಿ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಹೆಣಿಗೆಯವರು, ಅದೂ ಮೈಯನ್ನು ಹಿಂದಕ್ಕೆ ಮುಂದಕ್ಕೆ ತೂಗುತ್ತಾ, ಹಾಡುತ್ತಾ ಹೆಣೆಯುವವರು. ಹಾಡಿಲ್ಲದೆ ಅವಳ ಕೈ ಓಡುತ್ತಿರಲಿಲ್ಲ.

ಬಂದವನ ಹೆಸರು ಗಿಲ್ಬರ್ಟ್ ಫೆನ್. ವಾದ್ಯದವರಲ್ಲಿ ಮೊದಲ ಪಿಟೀಲು ಅವನದು.

"ಚೀಲ ಕೊಡಿ, ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು ಹೆಸ್ಟರ್. "ಹಾಗಾದ್ರೆ ಹಾಡ್ತೀನಿ."

ಆರು ಅಡಿಯ ಆ ಗಂಡಸು ಶಾಲೆಯ ಹುಡುಗನ ಹಾಗೆ ತಿರುಗಿ ನಿಂತ. ಹೆಸ್ಟರ್ ನಗು ನುಂಗಿಕೊಂಡು ಹಾಡಿದಳು.

*ಹಿಮ್ಮಡಿ ತಿರುಗಿತು, ಮುಂದೆ ಹಾದಿ ಸಣ್ಣದು,*
*ನಿಧಾನ ಹೆಣೆಯವ್ವ, ನಿಧಾನ ಹೆಣೆ...*

ಹಾಡು ಮುಗಿದಾಗ ಗಿಲ್ಬರ್ಟ್ ಗೋಡೆಗೆ ಹಣೆ ಒರಗಿಸಿ ನಿಂತಿದ್ದ. ಹೊಲಿದ ಚೀಲವನ್ನು ಹಾಕಿಕೊಂಡು, ತಲೆ ಬಾಗಿಸಿ ಹೊರಟುಹೋದ. ಅವತ್ತು ಸಂಜೆಯವರೆಗೂ ಹೆಸ್ಟರ್ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು.

ಆಮೇಲೆ ಗಿಲ್ಬರ್ಟ್‌ನ ಕಾಲುಚೀಲಗಳು ವಾರಕ್ಕೆ ಎರಡು ಸಲ ಹರಿಯತೊಡಗಿದವು!

"ಲೇ ಹೆಸ್ಟರ್, ಆ ಮನುಷ್ಯನ ಕಾಲಲ್ಲೇನು ಹಲ್ಲಿದಾವೇನೇ?" ಎಂದು ಕೇಳುತ್ತಿದ್ದರು ಉಡುಪಿನ ಕೋಣೆಯ ಯಜಮಾನಿ ಡೋರ್ಕಸಮ್ಮ. "ಇದನ್ನ ನೋಡು, ಕತ್ತರೀಲಿ ಕತ್ತರಿಸಿದ್ದು. ನನ್ನ ಕಣ್ಣಿಗೆ ಮಣ್ಣೆರಚ್ತಾನೆ."

"ಹೋಗಿ ಡೋರ್ಕಸಮ್ಮ, ನೀವೊಬ್ರು..."

ಎರಡು ತಿಂಗಳು ಹೀಗೇ ಕಳೆಯಿತು. ಅವನು ತರುತ್ತಿದ್ದ ಶುಂಠಿ ಬಿಸ್ಕತ್ತು, ಅವಳ ಉತ್ತರದ ಮಾತಿನ ಧಾಟಿಯನ್ನು ಅವನು ಅಣಕಿಸುತ್ತಿದ್ದ ರೀತಿ, ಅದಕ್ಕೆ ಅವಳು ಕೊಡುತ್ತಿದ್ದ ಗುದ್ದು. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಪ್ರತಿ ಸಲವೂ ಅವನು ಕೇಳುತ್ತಿದ್ದುದು ಆ ಒಂದೇ ಹಾಡನ್ನು. ಒಂದು ದಿನ ಕೇಳುತ್ತಾ ಕೇಳುತ್ತಾ ಕಾಗದದ ಮೇಲೆ ಸ್ವರ ಗೀಚಿಕೊಂಡ. ಅವಳು ತಡೆಯಲಿಲ್ಲ. ತನ್ನ ಹಾಡು ಅವನ ಜೇಬಿನಲ್ಲಿರುತ್ತದೆ ಎಂದು ಒಳಗೊಳಗೇ ಹಿಗ್ಗಿದಳು.

ಆ ವರ್ಷ ಊರಿಗೆಲ್ಲ ಹಾಡಿನ ನಾಟಕದ ಹುಚ್ಚು ಹಿಡಿದಿತ್ತು. ಹೊಸ ಮಟ್ಟು ಕಟ್ಟುವ ಗೋಜಿಗೆ ಯಾವ ಕವಿಯೂ ಹೋಗುತ್ತಿರಲಿಲ್ಲ. ಜನ ಹಾಡುವ ಹಳೆಯ ಮಟ್ಟೊಂದನ್ನು ಹಿಡಿ, ಅದರ ಮಾತು ಬಿಸಾಡು, ನಗು ಬರುವ ಹೊಸ ಮಾತು ತುಂಬು. ಅಷ್ಟೇ ಕಸುಬು. ಒಳ್ಳೆಯ ಹಳೆಯ ಮಟ್ಟು ತಂದುಕೊಟ್ಟ ವಾದ್ಯಗಾರನಿಗೆ ಬೆನ್ನು ತಟ್ಟಿ ಶಾಭಾಸ್ ಹೇಳುತ್ತಿದ್ದರು.

ಫೆಬ್ರವರಿಯಲ್ಲಿ ಹೊಸ ನಾಟಕ ರಂಗವೇರುವ ದಿನ ಗಿಲ್ಬರ್ಟ್ ಓಡಿ ಬಂದ. ಅವನ ಕಣ್ಣು ಹೊಳೆಯುತ್ತಿತ್ತು.

"ಇವತ್ತು ಸೂಜಿ ಕೆಳಗಿಡು. ಗ್ಯಾಲರೀಲಿ ನಿನಗೆ ಜಾಗ ಹೇಳಿದೀನಿ. ಎರಡನೇ ಅಂಕದಲ್ಲಿ ನಿನಗೊಂದು ಖುಷಿ ಕಾದಿದೆ!"

"ಏನದು?"

"ಈಗ ಹೇಳಲ್ಲ. ಆಟ ಮುಗಿದ್ಮೇಲೆ ಇನ್ನೊಂದು ಮಾತೂ ಹೇಳೋದಿದೆ."

'ಇನ್ನೊಂದು ಮಾತು...' ಹೆಸ್ಟರ್ ಗ್ಯಾಲರಿಯ ಬೆಂಚಿನಲ್ಲಿ ಕೂತು ಅದನ್ನೇ ಮನಸ್ಸಿನಲ್ಲಿ ತಿರುಗಿಸುತ್ತಿದ್ದಳು. ಎರಡನೇ ಅಂಕ ಬಂತು. ಡೊಳ್ಳು ಹೊಟ್ಟೆಯ ಹೆಂಡದಂಗಡಿಯವನೊಬ್ಬ, ಮೇಜಿನ ಕೆಳಗೊಬ್ಬಳು, ಬೀರುವಿನಲ್ಲೊಬ್ಬಳು, ಹೀಗೆ ಇಬ್ಬರು ಹೆಂಡತಿಯರನ್ನು ಬಚ್ಚಿಟ್ಟು ರಂಗದ ನಡುವೆ ಬಂದು ನಿಂತ. ಪಿಟೀಲು ಶುರುವಾಯಿತು.

ಆ ಮಟ್ಟು...!

ತಾನು ಗಿಲ್ಬರ್ಟ್‌ಗೆ ಹಾಡುತ್ತಿದ್ದ ಅಮ್ಮನ ಮಟ್ಟು. ಎರಡು ಪಟ್ಟು ವೇಗದಲ್ಲಿ, ಕುಣಿತದ ಹಾಗೆ.

ಹೆಂಡದಂಗಡಿಯವನು ಹೊಟ್ಟೆ ಕುಲುಕಿಸಿ, ಮೇಜಿನ ಕೆಳಗಿನ ಹೆಂಡತಿಯ ಮೇಲೆ ಹಾಡಿದ. ಜನ ಬಿದ್ದು ಬಿದ್ದು ನಕ್ಕರು. ಕಿತ್ತಳೆ ತಿನ್ನುತ್ತಿದ್ದವರು ಸಿಪ್ಪೆ ಎಸೆದು ಚಪ್ಪಾಳೆ ತಟ್ಟಿದರು. 'ಇನ್ನೊಂದ್ಸಲ! ಇನ್ನೊಂದ್ಸಲ!' ಎಂದು ಕೂಗಿ ಮೂರು ಸಲ ಹಾಡಿಸಿದರು.

ಕೆಳಗೆ ಕೂತಿದ್ದ ಗಿಲ್ಬರ್ಟ್ ಪಿಟೀಲು ಬಾರಿಸುತ್ತಲೇ ಕತ್ತೆತ್ತಿ ಗ್ಯಾಲರಿಯ ಕಡೆ ನೋಡಿದ. ಅವಳ ಮುಖ ಹುಡುಕಿ ನಗುತ್ತಿದ್ದ! ಆ ನಗುವೇ ಹೆಸ್ಟರ್‌ಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವಳು ಎದ್ದು, ಜನರ ಮಂಡಿ ದಾಟಿಕೊಂಡು ಹೊರಗೆ ಹೋದಳು.

ಮಾರನೆಯ ಬೆಳಿಗ್ಗೆ ಅವನು ಉಡುಪಿನ ಕೋಣೆಗೆ ಬಂದಾಗ ಅವಳು ತಲೆಯೆತ್ತಲಿಲ್ಲ.

"ಹೆಸ್ಟರ್, ಯಾಕೆ ಹೋಗ್ಬಿಟ್ಟೆ? ಇಡೀ ನಾಟಕದಲ್ಲಿ ಜನ ಮೆಚ್ಚಿದ್ದು ಅದೊಂದೇ..."

"ಅದನ್ನ ನಮ್ಮೂರಲ್ಲಿ ಯಾವಾಗ ಹಾಡ್ತಾರೆ ಗೊತ್ತಾ ನಿಮಗೆ?"

ಮತ್ತೆ 'ನೀವು'. ಗಿಲ್ಬರ್ಟ್‌ನ ಮುಖ ಇಳಿಯಿತು. "ಹೆಣೆಯೋವಾಗ... ಅಲ್ವಾ?"

"ಗಂಡಸೊಬ್ಬ ಸತ್ರೆ, ಅವನಿಗೇಂತ ಹೆಣೀತಿದ್ದ ಕಾಲುಚೀಲ ಅರ್ಧಕ್ಕೇ ನಿಂತಿರತ್ತೆ. ಅಕ್ಕಪಕ್ಕದ ಹೆಂಗಸ್ರೆಲ್ಲ ಬಂದು ಒಲೆ ಸುತ್ತ ಕೂತು ಅದನ್ನ ಮುಗಿಸ್ತಾರೆ. ಅದನ್ನ ಹಾಕೇ ಅವನನ್ನ ಮಣ್ಣು ಮಾಡೋದು. ಆಗ ಹಾಡೋ ಹಾಡು ಅದು." ಅವಳ ಸ್ವರ ನಡುಗಲಿಲ್ಲ. ನಡುಗಿದ್ದರೆ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ನಮ್ಮಪ್ಪನ ಚೀಲಕ್ಕೆ ಅಮ್ಮ ಹಾಡಿದ್ಲು. ಆಮೇಲೆ ಅವಳು ಬದುಕಿರೋವರೆಗೂ ಯಾವ ಚೀಲ ಹಿಡಿದ್ರೂ ಅದನ್ನೇ ಹಾಡ್ತಿದ್ಲು. ಈಗ ಅಮ್ಮನೂ ಇಲ್ಲ. ನನಗೆ ಉಳಿದಿದ್ದು ಅದೊಂದೇ ಆಗಿತ್ತು."

"ದೇವ್ರೇ... ನನಗೆ ಗೊತ್ತಿರ್ಲಿಲ್ಲ. ನೀನು ಹೇಳ್ಲಿಲ್ಲ ಹೆಸ್ಟರ್..."

"ನೀವು ಕೇಳ್ಲಿಲ್ಲ! ನಿಮಗೆ ಬೇಕಾಗಿದ್ದು ಮಟ್ಟು. ಮಾತು ಬಿಸಾಡೋದು ನಿಮ್ಮ ಕಸುಬು. ಎರಡು ತಿಂಗಳು ಇಲ್ಲಿ ಬಂದು ಕೂತಿದ್ದೂ ಅದಕ್ಕೇನಾ?"

"ಅಲ್ಲ! ಅದಕ್ಕಲ್ಲ..."

"ಕಾಲುಚೀಲ ಹರಿದಿದ್ರೆ ಇಟ್ಟು ಹೋಗಿ."

ಅವನು ಹೊರಟುಹೋದ.

ಹೆಸ್ಟರ್ ಚೀಲ ಕೈಗೆತ್ತಿಕೊಂಡು, ಸಮಾಧಾನಕ್ಕೆಂದು ಹಾಡಲು ಬಾಯಿ ತೆರೆದಳು. ಹಿಮ್ಮಡಿ ತಿರುಗಿತು... ಮೊದಲ ಸಾಲು ಬಂತು. ಎರಡು, ಮೂರು ಬಂದವು. ನಾಲ್ಕನೆಯದಕ್ಕೆ ಬಂದಾಗ ನಾಲಿಗೆಗೆ ಬಂದದ್ದು ಮೇಜಿನ ಕೆಳಗಿನ ಹೆಂಡತಿ!

ಮತ್ತೆ ಮೊದಲಿನಿಂದ ಹಾಡಿದಳು. ಮತ್ತೆ ಅದೇ ಹೆಂಡದಂಗಡಿ, ಅದೇ ನಗು. ಅಮ್ಮನ ಸಾಲು ಏನಿತ್ತು? ಏನಿತ್ತು...? ಕಿಟಕಿಯ ಹೊರಗೆ ಮೀನು ಮಾರುವವಳೊಬ್ಬಳು ಆಗಲೇ ಆ ಹೊಸ ಹಾಡನ್ನು ಹಾಡಿಕೊಂಡು ಹೋಗುತ್ತಿದ್ದಳು. ಹೆಸ್ಟರ್ ಎರಡೂ ಕಿವಿ ಮುಚ್ಚಿಕೊಂಡಳು. ಆದರೆ ಅದು ಹೊರಗೆ ಮಾತ್ರ ಇರಲಿಲ್ಲ.

ಹತ್ತು ದಿನ ಹೀಗೇ ಆಯಿತು. ನಾಲ್ಕನೆಯ ಸಾಲು ಬರಲೇ ಇಲ್ಲ.

"ಡೋರ್ಕಸಮ್ಮ, ನಾನು ಊರಿಗೆ ಹೋಗ್ತೀನಿ," ಎಂದಳು ಒಂದು ಮಧ್ಯಾಹ್ನ. "ಶನಿವಾರ ಸರಕಿನ ಬಂಡಿ ಹೊರಡತ್ತೆ. ಅಲ್ಲಿಯ ಹೆಂಗಸ್ರಲ್ಲಿ ಯಾರಿಗಾದ್ರೂ ನೆನಪಿರತ್ತೆ."

ಡೋರ್ಕಸಮ್ಮ ಗುಂಡಿ ಹಚ್ಚುವುದನ್ನು ನಿಲ್ಲಿಸಿದರು. "ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನಿನ್ನ ಪಿಟೀಲಿನವನು ಕವಿ ಮಹಾಶಯರ ಹತ್ರ ಹೋಗಿ, ಆ ಮಟ್ಟು ತೆಗೀರಿ ಅಂತ ಕೈ ಮುಗಿದ್ನಂತೆ. ಊರೆಲ್ಲ ಹಾಡ್ತಿರೋವಾಗ ತೆಗೆಯೋಕೆ ನಿನಗೇನು ತಲೆ ಕೆಟ್ಟಿದೆಯಾ ಅಂತ ಅವರು ಉಗಿದ್ರಂತೆ. ಅವತ್ತಿಂದ ಆ ಹಾಡು ಬಂದಾಗೆಲ್ಲ ಇವನು ಕಮಾನು ತೊಡೆ ಮೇಲಿಟ್ಟು ತಲೆ ತಗ್ಗಿಸಿ ಕೂತ್ಕೊಳ್ತಾನೆ. ಮೊದಲ ಪಿಟೀಲು ಕಿತ್ಕೊಂಡು ಅವನನ್ನ ನಗಾರಿ ಹಿಂದೆ ಕೂರಿಸಿದಾರೆ ಕಣೇ."

ಹೆಸ್ಟರ್ ಸೂಜಿಗೆ ಹೊಸ ನೂಲು ಪೋಣಿಸಿದಳು. "ಅದರಿಂದ ನನ್ನ ಸಾಲು ವಾಪಸ್ ಬರತ್ತಾ?" ಎಂದಳು. ಆದರೆ ಅವತ್ತು ಅವಳು ಹೊಲಿದ ಹೊಲಿಗೆಯನ್ನೆಲ್ಲ ಮಾರನೆಯ ದಿನ ಬಿಚ್ಚಿ ಹೊಲಿಯಬೇಕಾಯಿತು.

ಶನಿವಾರ ಬೆಳಿಗ್ಗೆ ಛತ್ರದ ಅಂಗಳದಿಂದ ಬಂಡಿ ಹೊರಟಿತು. ಎಂಟು ಕುದುರೆ ಕಟ್ಟಿದ್ದರೂ ಅದು ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುವ ಬಂಡಿ. ಬಟ್ಟೆಯ ಮೂಟೆಗಳ ನಡುವೆ ಹೆಸ್ಟರ್ ಕೂತಿದ್ದಳು. ಊರಿನ ಕೊನೆಯ ಮನೆಗಳು ದಾಟಿದ ಮೇಲೆ ನೋಡುತ್ತಾಳೆ, ಬಂಡಿಯ ಪಕ್ಕದಲ್ಲೇ ಗಿಲ್ಬರ್ಟ್ ನಡೆದುಬರುತ್ತಿದ್ದಾನೆ!

ಕೈಯಲ್ಲಿ ಪಿಟೀಲಿಲ್ಲ. ಮೊಣಕಾಲಿನವರೆಗೂ ಕೆಸರು.

"ಹಿಂದಕ್ಕೆ ಹೋಗಿ," ಎಂದಳು.

"ನಿನ್ನನ್ನ ನಿಲ್ಲು ಅನ್ನಲ್ಲ. ಕ್ಷಮಿಸು ಅಂತ ಕೇಳೋ ಮುಖಾನೂ ಇಲ್ಲ ನನಗೆ." ಅವನು ಚಕ್ರದ ಪಕ್ಕದಲ್ಲಿ ಹೆಜ್ಜೆ ಹಾಕುತ್ತಲೇ ಹೇಳಿದ. "ಡೋರ್ಕಸಮ್ಮ ಹೇಳಿದ್ರು, ಒಂದು ಸಾಲು ಹೋಗ್ಬಿಟ್ಟಿದೆ ಅಂತ. ಯಾವುದು?"

"ನಿಮಗ್ಯಾಕೆ? ನೀವು ಮಟ್ಟಿನವರು."

"ಯಾವುದು ಹೆಸ್ಟರ್?"

ಅವಳಿಗೆ ಅಳು ಒತ್ತಿಕೊಂಡು ಬಂತು. "ಕೊನೇದು. ಬೆಟ್ಟದ ಕುರಿ ಕೊಟ್ಟ ಬೆಚ್ಚನೆ ನೂಲಿದು... ಅದಾದ್ಮೇಲೆ ಬರೋದು. ಬಾಯಿ ತೆರೆದ್ರೆ ಆ ಹಾಳು ಮೇಜೇ ಬರತ್ತೆ!"

ಗಿಲ್ಬರ್ಟ್ ನಡೆಯುತ್ತಲೇ ಹಾಡಿದ. ಅವನ ಕೈ ಎಷ್ಟು ಚೆನ್ನೋ ಕಂಠ ಅಷ್ಟು ಕೆಟ್ಟದು. ಆದರೆ ನಿಧಾನವಾಗಿ ಹಾಡಿದ, ಮೈ ತೂಗಿ ಹೆಣೆಯುವ ವೇಗದಲ್ಲಿ.

*ಬೆಟ್ಟದ ಕುರಿ ಕೊಟ್ಟ ಬೆಚ್ಚನೆ ನೂಲಿದು,*
*ಹೋಗುವವನ ಕಾಲು ತಣ್ಣಗಾಗದಿರಲಿ...*

ಅವಳ ಊರಿನ ಧಾಟಿಯಲ್ಲೇ ಇತ್ತು ಅದು. ಅವಳು ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆದ, ಎಲ್ಲಿ ಉಸಿರು ಬಿಡುತ್ತಿದ್ದಳೋ ಅಲ್ಲೇ ಬಿಟ್ಟ. ಒಲೆಯ ಸುತ್ತ ಕೂತ ಹೆಂಗಸರು, ಅಪ್ಪನ ಬೂದು ಬಣ್ಣದ ಚೀಲ, ಅಮ್ಮನ ತೂಗುವ ಭುಜ, ಎಲ್ಲವೂ ಒಮ್ಮೆಲೇ ಹೆಸ್ಟರ್‌ಳ ಮುಂದೆ ಬಂದವು. ಅವಳು ಮೂಟೆಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತುಬಿಟ್ಟಳು.

"ನೀವು ಮಾತು ಕೇಳ್ಸ್ಕೊಂಡೇ ಇರ್ಲಿಲ್ಲ ಅಂದ್ಕೊಂಡಿದ್ದೆ..."

"ಎಲ್ಲಾನೂ ಕೇಳ್ಸ್ಕೊಂಡಿದೀನಿ. ಯಾರೋ ದೂರದ ದಾರಿ ಹೋಗೋನಿಗೆ ಹಾಡಿದ್ದು ಅಂದ್ಕೊಂಡೆ. ಯಾವ ದಾರಿ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಮಟ್ಟು ಸಿಕ್ಕ ಖುಷೀಲಿ ಕುಣಿದ್ಬಿಟ್ಟೆ. ತಪ್ಪು ನಂದೇ." ಅವನ ಉಸಿರು ಏರುತ್ತಿತ್ತು. ರಸ್ತೆ ಗುಡ್ಡ ಹತ್ತತೊಡಗಿತ್ತು. "ಆ ಮಟ್ಟನ್ನ ಊರಿನ ಬಾಯಿಂದ ಕಿತ್ಕೊಳ್ಳೋಕೆ ನನ್ನ ಕೈಲಾಗಲ್ಲ. ಆದ್ರೆ ನಿನ್ನ ಮಾತು ನನ್ನ ಹತ್ರ ಇದೆ. ನೀನು ಮರೆತಾಗೆಲ್ಲ ನಾನು ಹೇಳ್ಕೊಡ್ತೀನಿ. ಅವತ್ತು ಆಟ ಮುಗಿದ್ಮೇಲೆ ಹೇಳ್ಬೇಕಿದ್ದ ಮಾತೂ ಇದೇ ಥರದ್ದು. ನಿನ್ನ ಪಕ್ಕದಲ್ಲಿ ಇದ್ಬಿಡ್ತೀನಿ ಅಂತ. ನಿನ್ನನ್ನ ತುಂಬಾ ಇಷ್ಟಪಡ್ತೀನಿ ಹೆಸ್ಟರ್."

ಬಂಡಿಯವನಿಗೆ ಇನ್ನು ತಡೆಯಲಾಗಲಿಲ್ಲ. "ಏನಮ್ಮಾ, ಗುಡ್ಡ ಶುರುವಾಯ್ತು, ಕುದುರೆಗೆ ಭಾರ! ಊರಿಗೆ ಹೋಗೋದಾದ್ರೆ ಮೂಟೆ ಥರ ಸುಮ್ನೆ ಕೂತ್ಕೋ, ಅವನನ್ನ ಕಟ್ಕೊಳ್ಳೋದಾದ್ರೆ ಇಳಿ. ಎರಡೂ ನನ್ನ ಬಂಡಿ ಮೇಲಾಗಲ್ಲ!"

ಹೆಸ್ಟರ್ ಕಣ್ಣೊರೆಸಿಕೊಂಡು, ಗಂಟನ್ನು ಕೆಳಗೆಸೆದು, ತಾನೂ ಇಳಿದಳು. ಬಂಡಿ ಗಡಗಡ ಎನ್ನುತ್ತಾ ಗುಡ್ಡ ಹತ್ತಿ ಹೋಯಿತು.

"ಕಾಲು ಜೋಮು ಹಿಡಿದಿತ್ತು, ಅದಕ್ಕೇ ಇಳಿದೆ," ಎಂದಳು ಅವನ ಕಡೆ ನೋಡದೆ.

"ಸರಿ," ಎಂದ ಗಿಲ್ಬರ್ಟ್, ಗಂಟನ್ನು ಹೆಗಲಿಗೇರಿಸುತ್ತಾ.

"ಇನ್ನೊಂದ್ಸಲ ಹಾಡು ಆ ಸಾಲನ್ನ."

ಅವನು ಹಾಡಿದ. ಮುಗಿಸಿ, ಹೆದರಿಕೊಂಡೇ ಕೇಳಿದ. "ಸರಿಯಾಗಿ ಬಂತಾ?"

"ಇಲ್ಲ. ಮಾತು ಸರಿ ಇದೆ, ಕಂಠ ಮಾತ್ರ ಹಾಳು. ಹೇಳ್ಕೊಡೋಕೆ ತುಂಬಾ ದಿನ ಬೇಕು."

"ಎಷ್ಟು ದಿನ?"

ಹೆಸ್ಟರ್ ಅವನ ಕೈಗೆ ತನ್ನ ಕೈ ಕೊಟ್ಟಳು.

"ನಿನ್ನ ಕಾಲುಚೀಲವನ್ನೆಲ್ಲ ನಾನೇ ಹೆಣೀತೀನಿ," ಎಂದಳು. "ಅಷ್ಟು ದಿನ."