ಹಿಡಿ ಮಣ್ಣಿನ ಕರೆ

“ಆ ಫೋನ್ ಮುಟ್ಟಬ್ಯಾಡವ್ವಾ. ಮುಟ್ಟಿದ್ರೂ ಅದರಾಗಿನ ದನಿ ಕೇಳಬ್ಯಾಡ. ಹಂಗ ಒಯ್ದು ಮಡಿವಾಳ ಕೆರ್ಯಾಗ ಒಗದು ಬಾ,” ಎಂದಳು ಕೆಂಚವ್ವ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ದನಿ ಮಾತ್ರ ತಗ್ಗಿತ್ತು.

ಅನ್ನಪೂರ್ಣ ನಕ್ಕಳು. “ಯಾಕ ಅತ್ತಿ, ಫೋನಿನಾಗ ದೆವ್ವ ಕುಂತಾವೇನು? ಅವಕ್ಕೂ ರೇಂಜ್ ಸಿಗತದೇನು?”

“ನಗು. ನಗೂ ಬಾಯಿ ಭಾಳ ನೋಡೇನಿ.” ಕೆಂಚವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. “ಒಂದಿನ ಮಧ್ಯಾಹ್ನ ಒಬ್ಬಾಕಿ ಬಂದಿದ್ಲು. ನನ್ನ ವಾರಗಿಯಾಕಿ, ನನ್ನಷ್ಟ ವಯಸ್ಸು. ನಿಮ್ಮಣ್ಣನ ಬಾಗಲಾ ಬಡೀಲಿಲ್ಲ. ಹೊರಗ ನಿಂತು ಫೋನ್ ಕಿವಿಗಿ ಹಿಡದ್ಲು. ಒಳಗ ಭೀಮನ ಫೋನ್ ಹೊಡಕೊಂತು. ಆಕಿ ಬಾಯಿತುಂಬ ಏನೋ ಇತ್ತು, ಗಲ್ಲ ಉಬ್ಬಿದ್ವು. ಹಂಗ ಮಾತಾಡಿದ್ಲು, ಹೋದ್ಲು. ಅವತ್ತಿಂದ ನಿಮ್ಮಣ್ಣ ಒಂದು ಮಾತು ಆಡಿಲ್ಲ.”

“ಎಲಿ ಅಡಿಕಿ ಹಾಕ್ಕೊಂಡಿರಬೇಕು,” ಎಂದು ಅನ್ನಪೂರ್ಣ ಗಂಜಿಯ ಪಾತ್ರೆ ಎತ್ತಿಕೊಂಡು ಎದ್ದಳು.

ಬಿಟಿಎಂ ಎರಡನೇ ಹಂತದ ಆ ಓಣಿಯಲ್ಲಿ ಕೆಂಚವ್ವನದು ರೊಟ್ಟಿ ಖಾನಾವಳಿ. ಅದರ ಹಿಂದಿನ ಒಂದೇ ಕೋಣೆಯಲ್ಲಿ ಅನ್ನಪೂರ್ಣಳ ಅಣ್ಣ ಭೀಮರಾಯ ಬಾಡಿಗೆಗಿದ್ದ. ಇಂಡಿ ಕಡೆಯವನು, ಬೆಂಗಳೂರಿಗೆ ಬಂದು ಒಂದು ಕಾಲ್ ಸೆಂಟರಿನಲ್ಲಿ ಟೀಮ್ ಲೀಡರ್ ಆಗಿದ್ದ. ದನಿಯೇ ಅವನ ಬಂಡವಾಳ. ಊರಲ್ಲಿ ಅವನು ಮಾತಿಗೆ ನಿಂತರೆ ಬಸ್ಸು ತಪ್ಪಿಸಿಕೊಂಡು ಕೇಳುವವರಿದ್ದರು. ಈಗ ಆ ಗಂಟಲಲ್ಲಿ ಗಂಜಿ ಕೂಡ ಇಳಿಯುತ್ತಿರಲಿಲ್ಲ. ಡಾಕ್ಟರು ನಳಿಕೆ ಇಳಿಸಿ ನೋಡಿ, ಒಳಗೆ ಏನೂ ಇಲ್ಲ, ಮನಸ್ಸಿನ ಕಾಯಿಲೆ ಇರಬಹುದು ಎಂದಿದ್ದರು. ಏನೂ ಇಲ್ಲದೆ ಮನುಷ್ಯ ಹೀಗೆ ಸೊರಗುತ್ತಾನೆಯೆ ಎಂದು ಅನ್ನಪೂರ್ಣ ಅವರ ಮೇಜು ಬಡಿದು ಕೇಳಿದ್ದಳು. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅವಳು. ಕಾರಣವಿಲ್ಲದ ಕಾರ್ಯವಿಲ್ಲ ಎಂದು ನಂಬಿದವಳು. ಯಾರೋ ಏನೋ ಮಾಡಿದ್ದಾರೆ. ವಿಷ ಹಾಕಿದ್ದಾರೆ, ಬೆದರಿಸಿದ್ದಾರೆ. ಆ ಯಾರೋ ಒಬ್ಬರು ಕೈಗೆ ಸಿಕ್ಕರೆ ಸಾಕು ಎಂದು ಅವಳು ಹಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

ಮೂರು ಕಟ್ಟಡಗಳ ನಡುವೆ ಸಿಕ್ಕಿಕೊಂಡಿದ್ದ ಆ ಕೋಣೆಗೆ ಕಿಟಕಿ ಇತ್ತು, ಬೆಳಕು ಇರಲಿಲ್ಲ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಭೀಮರಾಯ ಗೋಡೆಗೆ ಮುಖ ಮಾಡಿ ಮಲಗಿದ್ದ. ಒಂದು ಕೈ ದಿಂಬಿನ ಕೆಳಗೆ. ಅಲ್ಲಿತ್ತು ಆ ಫೋನು. ಸ್ನಾನಕ್ಕೆ ಎಬ್ಬಿಸಿದರೂ ಅದನ್ನು ಬಿಡುತ್ತಿರಲಿಲ್ಲ. ಕಸಿಯಲು ಹೋದಾಗ ಒಮ್ಮೆ ಅವಳ ಮಣಿಕಟ್ಟು ಕಚ್ಚಿದ್ದ.

ಸಂಜೆ ಸೀನು ಬಂದ. ಅಣ್ಣನ ಆಫೀಸಿನ ಗೆಳೆಯ, ಬನಶಂಕರಿಯ ಹುಡುಗ. ಏಪ್ರಿಲ್ ಬಿಸಿಲಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ.

“ಹೆಂಗವ್ನೆ ಅಕ್ಕ ನಮ್ ಗುರು?” ಅವನ ದನಿ ಗೊಗ್ಗರಾಗಿತ್ತು. “ಬೇಗ ಎದ್ದು ಬರಕ್ಕೇಳಿ. ಇವ್ನಿಲ್ದೆ ಟೀ ಬ್ರೇಕೇ ಬೋರು. ಸಖತ್ ನಗಿಸ್ತಿದ್ದ ಮಗಾ.”

“ನಿನ್ನ ಗಂಟಲಿಗೇನಾಗ್ಯದ?”

“ಕೋಲ್ಡು ಅಕ್ಕ. ಆಫೀಸಲ್ಲಿ ಸುಮಾರು ಜನಕ್ಕೆ ಆಗೈತೆ. ಏಸಿ ಅಲ್ವಾ.”

“ಆ ಫೋನಿನಾಗ ಏನದ ಸೀನು? ಇವ ಯಾಕ ಬಿಡವಲ್ಲ?”

ಸೀನುವಿನ ಕಣ್ಣು ದಿಂಬಿನ ಕಡೆ ಹೋಯಿತು, ನೆಲಕ್ಕಿಳಿಯಿತು. “ಸ್ಮಾರ್ಟ್‌ಫೋನ್ ಅಲ್ವಾ, ಒಂದು ಸಾಫ್ಟ್‌ವೇರ್ ಹಾಕಿದ್ದ. ಬರೋ ಕಾಲೆಲ್ಲ ತಾನೇ ರೆಕಾರ್ಡ್ ಆಗುತ್ತೆ. ಸುಮ್ನೆ ಮಜಾಕ್ಕೆ.” ಕೆಮ್ಮಿದ. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ನೋಡಿ, ತಟ್ಟನೆ ಮಡಚಿ ಜೇಬಿಗಿಟ್ಟ. “ಬರ್ತೀನಿ ಅಕ್ಕ,” ಎಂದವನು ಚಹಾ ಕೂಡ ಕುಡಿಯದೆ ಹೊರಟುಹೋದ.

ಬರೋ ಕಾಲೆಲ್ಲ ರೆಕಾರ್ಡ್ ಆಗುತ್ತೆ. ಹಾಗಾದರೆ ಆ ಹೆಂಗಸಿನದೂ ಇರುತ್ತದೆ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು, ಕೋಣೆ ಕಪ್ಪಾಯಿತು. ಭೀಮರಾಯನಿಗೆ ನಿದ್ದೆ ಹತ್ತಿತ್ತು, ಬೆರಳುಗಳು ಸಡಿಲಾಗಿದ್ದವು. ಅನ್ನಪೂರ್ಣ ಫೋನನ್ನು ಮೆಲ್ಲನೆ ಎಳೆದುಕೊಂಡು ಗೋಡೆಗೊರಗಿ ಕುಳಿತಳು. ಪರದೆಯ ನೀಲಿ ಬೆಳಕು ಅವಳ ಅಂಗೈ ತುಂಬಿತು. ಹುಡುಕಿದಳು. ಸಿಕ್ಕಿತು. ಉದ್ದಕ್ಕೆ ಕರೆಗಳು, ಪ್ರತಿಯೊಂದರ ಮುಂದೆ ಹೆಸರು. ದನಿ ಸಣ್ಣದು ಮಾಡಿ ಕಿವಿಗೆ ಹಚ್ಚಿದಳು.

ಮೊದಲು ಅವ್ವ. “ಉಂಡೇನಪಾ? ತಲಿಗಿ ಎಣ್ಣಿ ಹಚ್ಚು.” ಆಮೇಲೆ ಗ್ಯಾಸಿನವನು. ಆಮೇಲೆ ಅವಳದೇ ದನಿ: ದೀಪಾವಳಿಗೆ ಬರಲಿಲ್ಲವೆಂದು ಜಗಳ ತೆಗೆದದ್ದು. ತನ್ನ ಸಿಟ್ಟು ಹೊರಗಿನಿಂದ ಹೀಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಸಂಗೀತಾ. ಮತ್ತೆ ಸಂಗೀತಾ. ಮತ್ತೂ ಸಂಗೀತಾ.

ಎಳೆಯ ದನಿ. ಹೆದರಿ ಹೆದರಿ ಬಿಚ್ಚಿಕೊಳ್ಳುವ ದನಿ. ಅಣ್ಣನ ಟೀಮಿನಲ್ಲೇ ಕೆಲಸ ಮಾಡುವವಳು, ಮನೆ ತಲಘಟ್ಟಪುರ. ಆಫೀಸಿನಲ್ಲಿ ಬಾಯಿಬಿಡದ ಹುಡುಗಿ ಫೋನಿನಲ್ಲಿ ಅಣ್ಣನಿಗೆ ಎಲ್ಲ ಹೇಳುತ್ತಿದ್ದಳು. ತಾನು ಕಪ್ಪಗಿದ್ದೇನೆಂದು ಕನ್ನಡಿ ನೋಡಿ ಅಳುವುದು, ಅವನ ಅಂಗಿಯ ವಾಸನೆ ನೆನೆದು ನಿದ್ದೆಗೆಡುವುದು, ಯಾರಿಗೂ ಹೇಳಬಾರದ ಆಸೆಗಳು. ನಡುವೆ ನಾಚಿ ನಿಲ್ಲುತ್ತಿದ್ದಳು. “ಹೇಳು, ಹೇಳು, ನನ್ ಹತ್ರ ಎಂಥ ನಾಚಿಕೆ?” ಎಂದು ಅಣ್ಣ ಬೆಣ್ಣೆಯಂಥ ದನಿಯಲ್ಲಿ ಪುಸಲಾಯಿಸುತ್ತಿದ್ದ. ಅನ್ನಪೂರ್ಣಳಿಗೆ ಕಿವಿ ಬಿಸಿಯಾಯಿತು. ನಿಲ್ಲಿಸಬೇಕೆನಿಸಿತು. ನಿಲ್ಲಿಸಲಿಲ್ಲ.

ಮುಂದಿನ ಕರೆಯಲ್ಲಿ ಹುಡುಗಿ ಅಳುತ್ತಿದ್ದಳು.

“ಲಂಚ್ ರೂಮಲ್ಲಿ ಲೌಡ್‌ಸ್ಪೀಕರ್ ಹಾಕಿ ಕೇಳಿಸಿದ್ರಂತೆ. ಎಲ್ರಿಗೂ ಬ್ಲೂಟೂತ್‌ನಲ್ಲಿ ಕಳ್ಸಿದ್ದೀರಂತೆ. ನಿಜಾನಾ ಭೀಮ್? ಬಸ್ಸಲ್ಲಿ ಯಾರೋ ನನ್ ಥರಾನೇ ಮಾತಾಡಿ ನಕ್ರು. ಸುಳ್ಳು ಅಂತ ಹೇಳಿ. ಪ್ಲೀಸ್.”

“ಅಯ್ಯೋ, ಜೋಕ್ ಕಣೇ. ಸೀನು ಎಲ್ಲ ಬಿದ್ದು ಬಿದ್ದು ನಕ್ರು ಗೊತ್ತಾ? ಫೇಮಸ್ ಆದೆ ಬಿಡು!”

ಆಮೇಲೆ ನಗು. ಅಣ್ಣನ ತುಂಬು ನಗು. ಊರಿನ ಕಟ್ಟೆಯ ಮೇಲೆ ಅವಳು ಹೆಮ್ಮೆಯಿಂದ ಕೇಳುತ್ತಿದ್ದ ಅದೇ ನಗು. ಆ ಕಡೆ ಉಸಿರು ಮಾತ್ರ ಇತ್ತು. ಬಹಳ ಹೊತ್ತು ಉಸಿರು. ಆಮೇಲೆ ಅದೂ ಇಲ್ಲ.

ಅನ್ನಪೂರ್ಣ ಮಲಗಿದ್ದವನ ಬೆನ್ನು ನೋಡಿದಳು. ಬೆನ್ನುಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ಇಷ್ಟು ದಿನ ಹೊರಗೆ ಯಾರನ್ನೋ ಹುಡುಕುತ್ತಿದ್ದ ಸಿಟ್ಟು ಕೋಣೆಯೊಳಗೇ ತಿರುಗಿ ನಿಂತಿತು.

ಕೊನೆಯ ಕರೆಗೆ ಹೆಸರಿರಲಿಲ್ಲ. ಬರೀ ನಂಬರು. ಒತ್ತಿದಳು.

ಮೊದಲು ಏನೂ ಇಲ್ಲ. ಆಮೇಲೆ ಏನೋ ಜಗಿದಂತೆ. ಕಲ್ಲು ಹಲ್ಲಿಗೆ ಸಿಕ್ಕಂತೆ. ತೊಯ್ದ ದನಿ, ದಪ್ಪ ದನಿ, ತುಂಬಿದ ಬಾಯಿಯ ದನಿ.

“ಭೀಮರಾಯ ಅನ್ನೋನು ನೀನೇನಪ್ಪಾ?”

“ಹೌದು. ಯಾರು?”

“ಈಶ್ವರಮ್ಮ. ಸಂಗೀತನ್ ತಾಯಿ. ನಿನ್ ಬಾಗ್ಲಲ್ಲೇ ನಿಂತಿವ್ನಿ. ನನ್ ಮಗ್ಳು ಅವತ್ತು ಮುಚ್ಚಿದ ಬಾಯಿ ಮತ್ತೆ ಬಿಡ್ಲೇ ಇಲ್ಲ. ಅನ್ನ ಇಳೀಲಿಲ್ಲ, ನೀರು ಇಳೀಲಿಲ್ಲ. ಇವತ್ತು ಬೆಳಿಗ್ಗೆ ಅವಳ್ನ ಮಣ್ಣಿಗೆ ಕೊಟ್ವಿ. ವಿಭೂತಿ ಇಟ್ವಿ, ಪತ್ರೆ ಇಟ್ವಿ. ಎಲ್ರೂ ಹಿಡಿ ಹಿಡಿ ಮಣ್ಣು ಹಾಕಿದ್ರು. ನಾನು ಹಾಕ್ಲಿಲ್ಲ. ನನ್ ಪಾಲಿನ ಹಿಡಿ ನನ್ ಬಾಯಲ್ಲೈತೆ.”

ಕೋಣೆಯಲ್ಲಿ ವಾಸನೆ ಎದ್ದಿತು. ಈಗಷ್ಟೆ ಅಗೆದ ಗುಂಡಿಯ ಹಸಿ ವಾಸನೆ. ಅದರೊಳಗೆ ವಿಭೂತಿಯ ಒಣ ಘಾಟು, ಜಜ್ಜಿದ ಬಿಲ್ವಪತ್ರೆ. ಕಿಟಕಿ ಮುಚ್ಚಿತ್ತು. ಬಾಗಿಲೂ ಮುಚ್ಚಿತ್ತು.

“ಈ ಹಿಡಿ ನಿನ್ನ ಗಂಟಲಿಗೆ ಕಣೋ. ನನ್ ಮಗಳ ದನಿ ಕೇಳಿ ನಕ್ಕೋರ್ಗೂ ಇದೇ. ಕೇಳಿ ಸುಮ್ನಿದ್ದೋರ್ಗೂ ಇದೇ. ಇನ್ಮುಂದೆ ಕೇಳೋರ್ಗೂ ಇದೇ. ಮಾಡಿದ್ದು ತಪ್ಪು ಅಂತ, ಇಂಥದ್ ಮಾಡ್ದೆ ಅಂತ, ಯಾರ್ಗೆ ಕೇಳಿಸ್ದ್ಯೋ ಅವ್ರ ಮುಂದೇನೇ ಹೇಳು. ನೀನಾಗ್ಲೀ, ನಿನ್ನ ಒಡಹುಟ್ಟಿದೋರಾಗ್ಲೀ ಹೇಳ್ಲಿ. ಆವತ್ತು ಇದನ್ನ ಉಗೀತೀನಿ. ಹೇಳು. ಈಗ್ಲೇ ಹೇಳು.”

“ಹೋಗಮ್ಮೋ! ನಿನ್ ಮಗಳೇ ಅಷ್ಟೆಲ್ಲ ಹೇಳ್ಕೊಂಡ್ರೆ ನಾನೇನ್ ಮಾ...”

ಅಲ್ಲಿಗೆ ಅಣ್ಣನ ದನಿ ನಿಂತಿತ್ತು. ಕತ್ತರಿಸಿದಂತಲ್ಲ, ತುಂಬಿಕೊಂಡಂತೆ. ಆಮೇಲೆ ಮರಳು ಸುರಿಯುವ ಸದ್ದು. ಬಹಳ ಹೊತ್ತು ಅದೇ ಸದ್ದು.

ಅನ್ನಪೂರ್ಣಳ ಕೈಯಿಂದ ಫೋನು ಚಾಪೆಗೆ ಬಿತ್ತು. ಹಲ್ಲುಗಳ ನಡುವೆ ಒಂದು ಕಣ ಕರ್ರೆಂದಿತು. ಉಗುಳಿದಳು. ಅಂಗೈ ಮೇಲೆ ಕೆಂಪು ಮಣ್ಣು.

ಕಾರಣವಿಲ್ಲದ ಕಾರ್ಯವಿಲ್ಲ. ಕಾರಣ ಈಗ ಗೊತ್ತಾಗಿತ್ತು.

ತಲೆಯೆತ್ತಿದಾಗ ಭೀಮರಾಯ ಎದ್ದು ಕುಳಿತಿದ್ದ. ಕಣ್ಣು ಅವಳ ಮೇಲಿತ್ತು. ಎಷ್ಟು ಹೊತ್ತಿನಿಂದಲೋ. ಅವನ ತುಟಿಗಳು ಆಡಿದವು. ಕೊರಳಿನ ಗಂಟು ಮೇಲೇರಿ ಇಳಿಯಲಾರದೆ ನಿಂತಿತು. ಉಸಿರು ಶಿಳ್ಳೆಯಂತೆ ಸೀಳಿ ಬರುತ್ತಿತ್ತು. ಅವನಿಗೆ ಇನ್ನು ಹೆಚ್ಚು ಹೊತ್ತಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಉಳಿಸುವ ಬಾಯಿ ಒಂದೇ ಇತ್ತು. ಅವಳದು.

“ಹೇಳತೀನಿ,” ಎಂದಳು. “ನಿನ್ನ ಮಾರಿ ನೋಡಿ ಅಲ್ಲ. ಅವ್ವನ ಮಾರಿ ನೋಡಿ ಹೇಳತೀನಿ.”

ತನ್ನ ಫೋನು ತೆಗೆದು ಸೀನುವಿಗೆ ಹಚ್ಚಿದಳು. ಕೇಳಿ ನಕ್ಕವನು ಅವನೇ. ಅವನಿಗೆ ಹೇಳಿದರೆ, ಅವನ ಬಾಯಿಂದ ಉಳಿದವರನ್ನೂ ಕರೆಸಬಹುದು. ಕರೆ ಹೋಯಿತು. ಎತ್ತಿದ.

“ಸೀನು, ನಾನು, ಭೀಮನ ತಂಗಿ. ನಾ ಹೇಳೂದು ಪೂರಾ ಕೇಳು.”

ಆ ಕಡೆಯಿಂದ ಮಾತು ಬರಲಿಲ್ಲ. ಗರಗರ ಉಸಿರು ಬಂತು. ಮಣ್ಣು ಸರಿದಾಡುವ ಉಸಿರು. ಅವನಿಗೂ ಆಗಿತ್ತು. ಆದರೆ ಕೇಳುತ್ತಿದ್ದ. ಕಾಯುತ್ತಿದ್ದ.

ಭೀಮರಾಯನ ಕೈ ಚಾಪೆಯ ಮೇಲೆ ತೆವಳಿತು. ತನ್ನ ಕಾಲು ಹಿಡಿಯಲು ಬರುತ್ತಿದ್ದಾನೆ ಎಂದುಕೊಂಡಳು. ಒಂದು ಕ್ಷಣ ಅವಳ ಎದೆ ಕರಗಿತು. ಬಾಲ್ಯದಲ್ಲಿ ಅವಳ ಬರೆಯುವ ಪಾಟಿ ಒಡೆದಾಗ ಹೀಗೇ ತೆವಳಿ ಬಂದು ಕಾಲು ಹಿಡಿದು ನಗಿಸಿದ್ದ.

ಕೈ ಅವಳ ಕಾಲನ್ನು ದಾಟಿ, ಚಾಪೆಗೆ ಬಿದ್ದಿದ್ದ ತನ್ನ ಫೋನಿಗೆ ಹೋಯಿತು.

ನೀಲಿ ಬೆಳಕು ಹೊತ್ತಿತು. ಅವನ ಹೆಬ್ಬೆರಳು ದಾರಿ ತಪ್ಪದೆ ಗುಂಡಿ ಒತ್ತಿತು. ಸಂಗೀತಾ. ಅಳಿಸು. ಸಂಗೀತಾ. ಅಳಿಸು. ಹುಡುಗಿಯ ಅಳು ಹೋಯಿತು. ಹುಡುಗಿಯ ನಾಚಿಕೆ ಹೋಯಿತು. ಈಶ್ವರಮ್ಮ ಹೋದಳು. ಎಲ್ಲ ಅಳಿಸಿದ ಮೇಲೆ ಖಾಲಿ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದ. ನೋಡು, ಏನೂ ಇಲ್ಲ. ಆಮೇಲೆ ಕೊರಳು ಮುಟ್ಟಿಕೊಂಡ. ತುಟಿ ಆಡಿಸಿದ. ಹೇಳು. ಬೇಗ ಹೇಳು.

ಅವನ ಕಣ್ಣಲ್ಲಿ ಸಾವಿನ ಹೆದರಿಕೆ ಇತ್ತು. ಬೇರೆ ಏನೂ ಇರಲಿಲ್ಲ. ಅನ್ನಪೂರ್ಣ ಹುಡುಕಿ ನೋಡಿದಳು. ಇರಲಿಲ್ಲ.

ಅವಳು ಬಾಯಿ ಮುಚ್ಚಿದಳು.

ಕಿವಿಯಲ್ಲಿ ಸೀನು ಗರಗರ ಎನ್ನುತ್ತಿದ್ದ. ಎದುರಿಗೆ ಅಣ್ಣ ಕೈ ಮುಗಿದ. ಅವಳು ಹಲ್ಲು ಕಚ್ಚಿ ಕುಳಿತಳು. ಅವನು ಅವಳ ಸೆರಗು ಹಿಡಿದು ಎಳೆದ. ಬಿಡಿಸಿಕೊಳ್ಳಲಿಲ್ಲ. ಮಾತೂ ಆಡಲಿಲ್ಲ. ಆ ಹುಡುಗಿಯೂ ಹೀಗೇ ಸುಮ್ಮನಿದ್ದಳಲ್ಲ. ಕೇಳು, ಸುಮ್ಮನಿರುವುದು ಹೇಗಿರುತ್ತದೆ ಎಂದು ನೀನೂ ಕೇಳು. ಒಳಗೆ ಸಿಟ್ಟು ಭುಗಿಭುಗಿ ಉರಿಯುತ್ತಿತ್ತು. ಅಣ್ಣನ ಮುಖ ನೀಲಿಗಟ್ಟಿತು. ಬಾಯಿ ತೆರೆಯಿತು. ತುಟಿಯಂಚಿನಿಂದ ಕೆಂಪು ಮಣ್ಣು ಸಣ್ಣಗೆ ಸುರಿಯಿತು. ದಿಂಬಿನ ಮೇಲೆ. ಚಾಪೆಯ ಮೇಲೆ. ಸೆರಗು ಹಿಡಿದ ಬೆರಳುಗಳು ಒಂದೊಂದಾಗಿ ಬಿಟ್ಟವು.

ಆಗ ಅವಳಿಗೆ ಅವ್ವ ನೆನಪಾದಳು. ತಲೆಗೆ ಎಣ್ಣೆ ಹಚ್ಚು ಎಂದವಳು.

ಬೇಡ. ಹೇಳಿಬಿಡುತ್ತೇನೆ. ಇವನಿಗಾಗಿ ಅಲ್ಲದಿದ್ದರೂ ಅವ್ವನಿಗಾಗಿ ಹೇಳಿಬಿಡುತ್ತೇನೆ.

ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಅದರ ಮೇಲೆ ಭಾರ ಕುಳಿತಿತ್ತು. ತಣ್ಣಗೆ. ಹಸಿಯಾಗಿ. ಅಂಗುಳಕ್ಕೆ ತಾಗಿತು. ಗಂಟಲಿಗೆ ಜಾರಿತು. ಬೆರಳು ಹಾಕಿ ತೋಡಿದಳು. ತೋಡಿದಷ್ಟೂ ಬಂತು. ತೋಡಿದಷ್ಟೂ ತುಂಬಿತು. ಕೇಳಿ ಸುಮ್ನಿದ್ದೋರ್ಗೂ ಇದೇ.

ಫೋನಿನಲ್ಲಿ ಸೀನುವಿನ ಉಸಿರು ಒಮ್ಮೆ ಗೊರಕ್ಕೆಂದು ನಿಂತಿತು.

ಕರೆಂಟು ಬಂತು. ಟ್ಯೂಬ್‌ಲೈಟ್ ಮಿಣುಕಿ ಹೊತ್ತಿಕೊಂಡಿತು. ಬಾಗಿಲು ತಳ್ಳಿಕೊಂಡು ಬಂದ ಕೆಂಚವ್ವ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ತಾಟು ನೆಲಕ್ಕೆ ಬಡಿಯಿತು.

“ಅನ್ನವ್ವಾ! ಭೀಮಗ ಏನಾತು? ಏನು ಕೇಳಿದಿ ನೀ? ಮಾತಾಡವ್ವಾ, ಒಂದರೆ ಮಾತಾಡು!”

ಅನ್ನಪೂರ್ಣ ಅವಳ ಕೈ ಹಿಡಿದುಕೊಂಡಳು. ಆ ಹುಡುಗಿಯ ಹೆಸರು ಹೇಳಬೇಕಿತ್ತು. ಅಣ್ಣ ಮಾಡಿದ್ದು ಹೇಳಬೇಕಿತ್ತು. ಫೋನಿನಲ್ಲಿ ಈಗ ಅದು ಎಲ್ಲಿಯೂ ಉಳಿದಿರಲಿಲ್ಲ. ಈಶ್ವರಮ್ಮನನ್ನು ಬಿಟ್ಟರೆ, ಬದುಕಿದ್ದವರ ಪೈಕಿ ಪೂರ್ತಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಮಾತು ಬಾಯಲ್ಲೇ ಇತ್ತು. ಅದರ ಮೇಲೆ ಮಣ್ಣು ಬಿದ್ದಿತ್ತು.